ಗಾಲಿಯ ಮೇಲಿನ ಬಿಡಾರ

ಬಿಡಾರವನ್ನು ಬಂಡಿಯಲ್ಲಿ ಹೇರಿಕೊಂಡು ಊರು ಬಿಟ್ಟು ಹೊರಡುವದು ನಮ್ಮ ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯವರಿಗೆ ಹೊಸ ಮಾತಲ್ಲ. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗಾಗಲಿ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕಾಗಲಿ ಹೊರಟ ಒಕ್ಕಲುತನದ ಮನೆಯವರು ಕೊಲ್ಲಾರಿ ಬಂಡಿಗೆ ಕಮಾನು ಕಟ್ಟಿ, ಒಳಗೆ ಮೆತ್ತಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹರವಿ, ಹಿಂದಕ್ಕೆ ಮೇವಿನ ಹೊರೆ ಬಿಗಿದು, ಅಡಿಗೆ ಕಂದೀಲು ತೂಗಿಬಿಟ್ಟು ಹೊರಡುತ್ತಿದ್ದರು. ಹೊತ್ತು ಮುಳುಗಿದಲ್ಲಿ ಕೊಳ್ಳು ಹರಿದರೆ ಅದೇ ಊರು. ಮೂರು ಕಲ್ಲು ಹೂಡಿದರೆ ಅದೇ ಅಡಿಗೆಯ ಮನೆ. ಇನ್ನು ಎತ್ತುಗಳ ಬೆನ್ನ ಮೇಲೆ ಉಪ್ಪು-ಧಾನ್ಯಗಳನ್ನು ಹೇರಿಕೊಂಡು ಮಕ್ಕಳುಮರಿಗಳೊಡನೆ ದೇಶ ಸುತ್ತಿದ ಲಂಬಾಣಿಗರಿಗಂತೂ ಬಿಡಾರವೇ ಮನೆಯಾಗಿತ್ತು. ಅವರ ತಾಂಡೆಗಳು ಇಂದು ಕಪ್ಪತಗುಡ್ಡದ ಸುತ್ತುಮುತ್ತಲು ನೆಲೆ ನಿಂತಿವೆ.

ಈಗ ಅದೇ ಬಂಡಿಯು ಮೋಟಾರಿನ ರೂಪವನ್ನು ತಾಳಿ ಬಂದಿದೆ. ಇದನ್ನು ಕ್ಯಾರವಾನ್ ಎಂದು ಕರೆಯುತ್ತಾರೆ. ಟೆಂಪೋದಷ್ಟು ದೊಡ್ಡ ಗಾಡಿಯೊಳಗೆ ನಾಲ್ಕಾರು ಜನರು ಮಲಗುವ ಮಂಚಗಳು, ಒಂದು ಪುಟ್ಟ ಒಲೆ, ಶೀತಪೆಟ್ಟಿಗೆ, ಕೈ ತೊಳೆಯುವ ಬಾನಿ, ಮೂಲೆಯಲ್ಲಿ ಪಾಯಖಾನೆ, ನೀರಿನ ಟಾಕಿ, ಮೇಲ್ಮಾಳಿಗೆಯಲ್ಲಿ ಬಿಸಿಲಿನಿಂದ ವಿದ್ಯುತ್ತನ್ನು ಹುಟ್ಟಿಸುವ ಫಲಕ - ಇಷ್ಟೂ ಇರುತ್ತವೆ. ಹುಬ್ಬಳ್ಳಿ, ಬೆಂಗಳೂರು ಮುಂತಾದ ನಗರಗಳ ಕಡೆಯಿಂದ ಇವನ್ನು ಬಾಡಿಗೆಗೆ ತಂದು ಘಟ್ಟ ಇಳಿದು ಕಡಲಿಗೆ ಹೋಗಿಬರುವ ಹವ್ಯಾಸವು ನಮ್ಮ ಕಡೆಯ ಕೆಲವು ಕುಟುಂಬಗಳಲ್ಲಿಯೂ ಕಾಣಿಸಿಕೊಂಡಿರುವದರಿಂದ, ಇದರ ಸುಖವೆಷ್ಟು, ತೊಡಕೆಷ್ಟು ಎಂಬುದನ್ನು ಸಂಸಾರವಂದಿಗರಾದ ವಾಚಕರ ಮುಂದಿಡುವದು ಉಚಿತವೆಂದು ತೋರುತ್ತದೆ.

ವಿನೋದಕ್ಕಾಗಿ ಹೀಗೆ ತಿರುಗುವ ರೂಢಿಯನ್ನು ಮೊದಲು ಬೆಳೆಸಿದವರು ಇಂಗ್ಲಂಡದವರು. ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಬ್ರಿಸ್ಟಲ್ ನಗರದ ಗಾಡಿ ಕಾರಖಾನೆಯಲ್ಲಿ ಒಂದು ಮನೆಗಾಡಿಯನ್ನು ಮಾಡಿಸಿ, ಅದಕ್ಕೆ ಎರಡು ಕುದುರೆಗಳನ್ನು ಹೂಡಿ ದೇಶವನ್ನು ಸುತ್ತಿದರು. ಮುಂದೆ 1907ರಲ್ಲಿ ಇಂಥ ಪ್ರವಾಸಿಗಳ ಸಂಘವೇ ಅಲ್ಲಿ ಸ್ಥಾಪಿತವಾಯಿತು. ನಮ್ಮಲ್ಲಿ ಕೇರಳ ಸರಕಾರವು 2021ರಲ್ಲಿ ಈ ಬಗೆಯ ಪ್ರವಾಸಕ್ಕಾಗಿಯೇ ಒಂದು ಧೋರಣೆಯನ್ನು ಸಾರಿ, ಮರುವರ್ಷ ವಾಗಮನ್ ಎಂಬಲ್ಲಿ ಗಾಡಿಗಳು ತಂಗುವ ಉದ್ಯಾನವನ್ನು ತೆರೆಯಿತು. ಜಾತ್ರೆಯ ಬಂಡಿಗಳನ್ನು ತಲೆಮಾರುಗಳಿಂದ ಕಂಡ ನಮಗೆ ಈ ‘ಹೊಸ ಶೋಧ’ವನ್ನು ಕೇಳಿ ನಗೆ ಬಂದರೆ ತಪ್ಪಿಲ್ಲ.

ಗದುಗಿನಿಂದ ಕಡಲಿಗೆ ಹೋಗುವ ದಾರಿಗೂ ಒಂದು ಹಳೆಯ ಚರಿತ್ರೆಯುಂಟು. ರೈಲು ಬರುವದಕ್ಕಿಂತ ಮೊದಲು ನಮ್ಮ ಎರೆಯ ಹೊಲಗಳ ಹತ್ತಿಯು ಎತ್ತುಗಳ ಬೆನ್ನ ಮೇಲೆಯೂ ಬಂಡಿಗಳಲ್ಲಿಯೂ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಯನ್ನು ಸೇರುತ್ತಿತ್ತು. ಹತ್ತಿ ಬೆಳೆದದ್ದು ನಮ್ಮ ನೆಲದಲ್ಲಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರು ನಿಂತಿತು. 1861ರಿಂದ 1865ರ ವರೆಗೆ ನಡೆದ ಅಮೇರಿಕೆಯ ಅಂತರ್ಯುದ್ಧದಲ್ಲಿ ಹತ್ತಿಯ ಬೆಲೆ ಏರಿದಾಗ ಈ ದಾರಿಗೆ ಬಂದ ಮಹತ್ವವು ಅಷ್ಟಿಷ್ಟಲ್ಲ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದುದಕ್ಕೂ ಹತ್ತಿಯ ವ್ಯಾಪಾರವು ಒಂದು ಕಾರಣವಾಯಿತು. ದಿನಕ್ಕೆ ಹನ್ನೆರಡು ಹದಿನೈದು ಮೈಲಿಗಿಂತ ಹೆಚ್ಚು ನಡೆಯದ ಎತ್ತುಗಳಿಗೆ ಈ ಪ್ರಯಾಣವು ಒಂಬತ್ತು ಹತ್ತು ದಿನಗಳದು. ರೈಲು ಬಂದು ಮಾರ್ಮಗೋವೆಯ ಬಂದರಕ್ಕೆ ಕೂಡಿಕೊಂಡ ಮೇಲೆ ಆ ಬಂಡಿಗಳ ಸಾಲು ನಿಂತುಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ಮಾತು ದಶಕಗಳಿಂದ ನಡೆದಿದ್ದರೂ ಅದು ಇನ್ನೂ ಆಗಿಲ್ಲವಾದ್ದರಿಂದ, ನಮಗೆ ಕಡಲಿನ ನೆಟ್ಟನೆಯ ದಾರಿಯೆಂದರೆ ಇಂದಿಗೂ ಸಡಕೇ.

ಗದುಗಿನಿಂದ ಹುಬ್ಬಳ್ಳಿ, ಯಲ್ಲಾಪುರಗಳ ಮೇಲೆ ಅಂಕೋಲೆಗೆ ಸುಮಾರು 200 ಕಿಲೋಮೀಟರು; ಅಲ್ಲಿಂದ ಗೋಕರ್ಣಕ್ಕೆ ಇನ್ನೊಂದಿಷ್ಟು. ಸಣ್ಣ ಮೋಟಾರಿನವರು ಐದು ತಾಸಿನಲ್ಲಿ ಮುಟ್ಟುತ್ತಾರೆ. ಬಿಡಾರದ ಗಾಡಿಗೆ ಏಳು ತಾಸು ಬೇಕೆಂದು ಲೆಕ್ಕ ಹಿಡಿಯುವದು ಲೇಸು. ಆದರೆ ಇಲ್ಲಿಯೇ ಅದರ ಮೊದಲನೆಯ ಸುಖವಿದೆ. ಲಾಜಿನಲ್ಲಿ ಕೋಣೆ ಕಾದಿರಿಸಿದವನಿಗೆ ದಾರಿಯೆಂಬುದು ಬೇಗ ಮುಗಿಯಬೇಕಾದ ಕಷ್ಟ. ಮನೆಯನ್ನೇ ಕೂಡ ಒಯ್ಯುವವನಿಗೆ ಆ ಅವಸರವಿಲ್ಲ. ಬೋಳು ಬಯಲು ಮುಗಿದು ಮೊದಲು ಬಿದಿರು, ಆಮೇಲೆ ತೇಗ, ಯಲ್ಲಾಪುರವನ್ನು ದಾಟಿದ ಬಳಿಕ ಅಡಿಕೆಯ ತೋಟಗಳು - ಹೀಗೆ ನೆಲದ ಬಣ್ಣವೂ ಗಾಳಿಯ ವಾಸನೆಯೂ ಬದಲಾಗುವದನ್ನು ಅಲ್ಲಲ್ಲಿ ನಿಂತು ನೋಡುತ್ತ ಹೋಗಬಹುದು. ಅರಬೈಲು ಘಟ್ಟವನ್ನಿಳಿದರೆ, ನಮ್ಮ ಧಾರವಾಡ-ಹುಬ್ಬಳ್ಳಿಗಳ ಕಡೆ ಹುಟ್ಟಿ ಬೇಡ್ತಿಯೆಂದು ಹರಿದುಬಂದ ಹೊಳೆಯೇ ಗಂಗಾವಳಿಯೆಂಬ ಹೆಸರನ್ನು ಹೊತ್ತು ಜೊತೆಗೂಡುತ್ತದೆ. ಗದುಗಿನಲ್ಲಿ ವರುಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಇಲ್ಲಿ ಮೂರು ಸಾವಿರಕ್ಕೂ ಮೇಲೆ. ಒಂದೇ ದಿನದ ದಾರಿಯಲ್ಲಿ ಇಂಥ ಎರಡು ಲೋಕಗಳಿರುವದು ನಮ್ಮ ನಾಡಿನ ಭಾಗ್ಯವೇ ಸರಿ.

ಎರಡನೆಯ ಸುಖವು ವೃದ್ಧರದು, ಮತ್ತು ನಮ್ಮ ಎಣಿಕೆಯಲ್ಲಿ ಇದೇ ಎಲ್ಲಕ್ಕೂ ಹಿರಿದು. ಮೊಣಕಾಲು ನೋವಿನವರು, ಸಕ್ಕರೆಯ ರೋಗದಿಂದ ಮೇಲಿಂದ ಮೇಲೆ ಏಳಬೇಕಾದವರು, ‘ದಾರಿಯಲ್ಲಿ ಹೋಗಬೇಕೆನಿಸಿದರೆ ಏನು ಮಾಡಲಿ’ ಎಂಬ ಒಂದೇ ಅಂಜಿಕೆಯಿಂದ ಹೊಸ್ತಿಲನ್ನು ದಾಟದ ಹೆಂಗಸರು ನಮ್ಮ ಮನೆಗಳಲ್ಲಿ ಎಷ್ಟು ಜನರಿಲ್ಲ! ಅವರು ಮುಂಜಾನೆಯಿಂದ ನೀರು ಕುಡಿಯದೆ ಬಸ್ಸು ಹತ್ತುವದನ್ನು ನಾವು ಕಂಡೂ ಕಾಣದವರಂತೆ ಇದ್ದೇವೆ. ನಮ್ಮ ಪರಿಚಯದ ಬೆಟಗೇರಿಯ ನೇಕಾರರ ಮನೆಯೊಂದರ ಅಜ್ಜಿಯು ಎಪ್ಪತ್ತೆರಡು ವರುಷಗಳ ವರೆಗೆ ಕಡಲನ್ನು ಕಂಡಿರಲಿಲ್ಲ. ಮೊಮ್ಮಗನು ಹೋದ ಮಾಗಿಯಲ್ಲಿ ಮನೆಮಂದಿಯನ್ನೆಲ್ಲ ಇಂಥದೊಂದು ಗಾಡಿಯಲ್ಲಿ ಕಾರವಾರಕ್ಕೆ ಕರೆದೊಯ್ದನು. ಅಲ್ಲಿ ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರವು ಹೆದ್ದಾರಿಗೆ ಹತ್ತಿಕೊಂಡೇ ಇರುವದರಿಂದ, ಮುದುಕಿಯು ಮಂಚದಿಂದ ಇಳಿಯದೆಯೇ ಕಿಟಕಿಯೊಳಗಿಂದ ಬಹಳ ಹೊತ್ತು ನೋಡಿ, “ಇಷ್ಟೊಂದು ನೀರೈತಿ, ಒಂದು ಕೊಡಾನೂ ಕುಡಿಯಾಕ ಬರಂಗಿಲ್ಲಲ್ಲೋ ತಮ್ಮಾ!” ಎಂದಳಂತೆ. ನಲ್ಲಿಯ ನೀರಿಗಾಗಿ ದಿನಗಳನ್ನೆಣಿಸುವ ಊರಿನವಳ ಮಾತು ಮತ್ತೆ ಹೇಗಿದ್ದೀತು? ಅಂದು ಇಳಿಹೊತ್ತಿನಲ್ಲಿ ಇಬ್ಬರು ಹಿಡಿದುಕೊಂಡು ಆಕೆಯ ಕಾಲನ್ನು ತೆರೆಗೆ ತಗಲಿಸಿ ತಂದರು. ಆಕೆ ಅಷ್ಟು ದೂರ ಬಂದುದಕ್ಕೆ ಮೂಲೆಯಲ್ಲಿದ್ದ ಆ ಪಾಯಖಾನೆಯೇ ಕಾರಣವೆಂಬುದನ್ನು ಮನೆಯವರು ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ.

ಇನ್ನು ತೊಡಕುಗಳಿಗೆ ಬರೋಣ. ಜಾಹೀರಾತುಗಳಲ್ಲಿ ಕಾಣದ ಮೊದಲನೆಯ ತೊಡಕು ಮನೆಯೊಡತಿಯದು. ಮನೆ ಕೂಡ ಬಂದ ಮೇಲೆ ಮನೆಗೆಲಸವೂ ಕೂಡ ಬರದೆ ಇದ್ದೀತೆ? ಗಂಡಸರೂ ಮಕ್ಕಳೂ ಮಳಲಿನಲ್ಲಿ ಆಡುತ್ತಿರುವಾಗ ಒಳಗೆ ಎರಡು ಮಾರು ಜಾಗದಲ್ಲಿ ಒಲೆಯ ಕಾವಿಗೆ ಬೆವರುತ್ತ, ತಲೆ ಎತ್ತಿದರೆ ಕಪಾಟಿಗೆ ತಗಲಿಸಿಕೊಳ್ಳುತ್ತ, ಏಳು ಜನರಿಗೆ ಅವಲಕ್ಕಿ ಹಚ್ಚುವವಳಿಗೆ ಇದೆಂಥ ರಜೆ? ಹೋಟೆಲಿನಲ್ಲಿ ಉಂಡಿದ್ದರೆ ಆಕೆಯೂ ಕೈ ತೊಳೆದುಕೊಂಡು ಏಳುತ್ತಿದ್ದಳು. ಆದಕಾರಣ ನಮ್ಮ ಸಲಹೆ ಏನಂದರೆ, ಬೆಳಗಿನ ಚಹಾ ಮತ್ತು ರಾತ್ರಿಯ ಹಗುರಾದ ಊಟಕ್ಕೆ ಹೊರತು ಗಾಡಿಯ ಒಲೆಯನ್ನು ಹೊತ್ತಿಸಬಾರದು. ಮಧ್ಯಾಹ್ನದ ಊಟವನ್ನು ಆಯಾ ಊರಿನ ಖಾನಾವಳಿಗಳಲ್ಲಿ ಮಾಡತಕ್ಕದ್ದು. ಪಾತ್ರೆ ತಿಕ್ಕುವದೂ ಹಾಸಿಗೆ ಸುತ್ತುವದೂ ಗಂಡಸರ ಪಾಲಿಗಿರತಕ್ಕದ್ದು. ಇದನ್ನು ಹೊರಡುವ ಮೊದಲೇ ಮನೆಯಲ್ಲಿ ಕುಳಿತು ನಿಶ್ಚಯಿಸಿಕೊಳ್ಳದಿದ್ದರೆ ದಾರಿಯಲ್ಲಿ ನಿಶ್ಚಯವಾಗುವದಿಲ್ಲ.

ಬುತ್ತಿಯ ವಿಷಯದಲ್ಲಿ ಒಂದು ಮಾತು. ನಮ್ಮ ಖಡಕ್ ರೊಟ್ಟಿಯು ಗದುಗಿನ ಗಾಳಿಯಲ್ಲಿ ತಿಂಗಳುಗಟ್ಟಲೆ ಮುರಿದರೆ ‘ಕಟ್’ ಎನ್ನುವದು. ಘಟ್ಟದ ಕೆಳಗಿನ ತೇವದ ಗಾಳಿಯಲ್ಲಿ ಎರಡನೆಯ ದಿನಕ್ಕೇ ಮೆತ್ತಗಾಗಿ ಮೂರನೆಯ ದಿನಕ್ಕೆ ಬೂಸುರು ಹಿಡಿದೀತು. ಗಾಳಿಯಾಡದ ಡಬ್ಬಿಯಲ್ಲಿಟ್ಟು ದಿನಕ್ಕೆ ಬೇಕಾದಷ್ಟನ್ನೇ ಹೊರತೆಗೆಯಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಿಗೂ ಹಾಗೆಯೇ. ಶೇಂಗಾ ಹೋಳಿಗೆಗೆ ಮಾತ್ರ ಏನೂ ಆಗುವದಿಲ್ಲ, ಯಾಕಂದರೆ ಅದು ಎರಡನೆಯ ದಿನದ ವರೆಗೆ ಉಳಿದದ್ದನ್ನು ಯಾರೂ ಕಂಡಿಲ್ಲ.

ನೀರಿನ ಲೆಕ್ಕವು ಬಹಳ ಬಿಗಿಯಾದುದು. ಟಾಕಿಯಲ್ಲಿ ನೂರು ಲೀಟರು ಹಿಡಿಯುವದೆಂದು ಇಟ್ಟುಕೊಳ್ಳಿರಿ. ಆರು ಜನರು ತಲೆಗೆ ಹದಿನೈದು ಲೀಟರಿನಂತೆ ಮಿಂದರೆ ತೊಂಬತ್ತು ಲೀಟರು ಅಲ್ಲಿಯೇ ಹೋಯಿತು. ಕಡಲಿನಲ್ಲಿ ಮಿಂದ ಮೇಲೆ ಮೈಗೆ ಹತ್ತಿದ ಉಪ್ಪನ್ನು ತೊಳೆಯಲು ಸಿಹಿನೀರು ಬೇಕೇ ಬೇಕು. ಬೆಂಗಳೂರಿನವರಿಗೆ ಇದನ್ನು ಕಲಿಸಬೇಕಾದೀತು. ಗದುಗಿನ ಗೃಹಿಣಿಗೆ ಅದರ ಅಗತ್ಯವಿಲ್ಲ. ಬೆಳಕು-ಬೀಸಣಿಕೆಗಳ ಮಾತೂ ಹೀಗೆಯೇ. ಗಾಡಿಯ ಎರಡನೆಯ ಬ್ಯಾಟರಿಯು ದೀಪಕ್ಕೂ ಸಣ್ಣ ಬೀಸಣಿಕೆಗೂ ಸಾಕಾಗುತ್ತದೆ. ತಂಪು ಮಾಡುವ ಯಂತ್ರವು ಇಡೀ ರಾತ್ರಿ ನಡೆಯಬೇಕಾದರೆ ಹೊರಗಿನ ವಿದ್ಯುತ್ತನ್ನು ಜೋಡಿಸಿಕೊಳ್ಳಬೇಕು, ಇಲ್ಲವೇ ಜನರೇಟರಿನ ಗದ್ದಲವನ್ನು ಸಹಿಸಬೇಕು. ಮಾರ್ಚಿಯ ಬಳಿಕ ಕರಾವಳಿಯ ರಾತ್ರಿಗಳ ಉಬ್ಬಸವು ಬಯಲುಸೀಮೆಯವರಿಗೆ ತಡೆಯಲಾಗದ್ದು. ನವೆಂಬರದಿಂದ ಫೆಬ್ರುವರಿಯ ವರೆಗಿನ ಕಾಲವೇ ಯೋಗ್ಯವಾದುದು.

ಹಾಗಾದರೆ ಹೊಲಸು ನೀರು ಹೋಗುವದೆಲ್ಲಿ? ಗಾಡಿಯ ಅಡಿಯಲ್ಲಿ ತೊಳೆದ ನೀರಿಗೊಂದು, ಮಲಮೂತ್ರಕ್ಕೊಂದು ಪೆಟ್ಟಿಗೆಯಿರುತ್ತದೆ. ಎರಡು ಮೂರು ದಿನಗಳಿಗೊಮ್ಮೆ ಇವನ್ನು ಬರಿದು ಮಾಡಲೇಬೇಕು. ಕರಾವಳಿಯಲ್ಲಿ ಇದಕ್ಕೆಂದೇ ಏರ್ಪಟ್ಟ ಸ್ಥಳಗಳು ವಿರಳವಾದುದರಿಂದ, ರಾತ್ರಿಯ ಕತ್ತಲಲ್ಲಿ ಹೊಳೆಯ ದಂಡೆಗೆ ಹೋಗಿ ಸುರಿದು ಬರುವವರುಂಟು. ಇದು ನಾಚಿಕೆಗೇಡಿನ ಕೆಲಸ. ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯನ್ನೇ ತೆಗೆದುಕೊಳ್ಳಿರಿ: ಅಲ್ಲಿ ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಗಳನ್ನು ಆರಿಸಿ ಹೊಟ್ಟೆ ಹೊರೆಯುತ್ತಾರೆ; ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತವು ಅಲ್ಲಿಯ ಗಜನಿ ಭೂಮಿಯಲ್ಲಿ ಬೆಳೆಯುತ್ತದೆ; ಪಕ್ಕದ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಾಗುತ್ತದೆ. ನಮ್ಮ ಹೊಲಸು ಅವರ ಊಟದ ತಟ್ಟೆಗೆ ಬೀಳತಕ್ಕದ್ದಲ್ಲ. ವಾಚಕರಿಗೆ ಸಂತೋಷವಾಗುವ ಸಂಗತಿಯೊಂದುಂಟು. 2024ರಲ್ಲಿ ಅಘನಾಶಿನಿಯ ಅಳಿವೆಯು ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದಾಗ, ಅದರೊಡನೆ ಸೇರಿದ್ದು ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆ! ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಮಾಗಡಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಯಾವ ಗಾಡಿಯನ್ನೂ ಎಳೆದು ತರುವದಿಲ್ಲವೆಂಬುದನ್ನು ನೆನೆದರೆ, ನಮ್ಮ ಗಂಟುಮೂಟೆಗಳ ವಿಷಯದಲ್ಲಿ ಸ್ವಲ್ಪ ಸಂಕೋಚವಾಗದೆ ಇರದು. ಹೇಗೂ ಇರಲಿ, ಪೆಟ್ಟಿಗೆಗಳನ್ನು ಎಲ್ಲಿ ಬರಿದು ಮಾಡಬೇಕೆಂಬುದನ್ನು ಗಾಡಿಯ ಒಡೆಯನಿಂದ ಮೊದಲೇ ಕೇಳಿ ತಿಳಿದುಕೊಳ್ಳಿರಿ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಬೇರೆ ಗಾಡಿಯನ್ನು ನೋಡಿರಿ.

ರಾತ್ರಿ ನಿಲ್ಲುವ ಸ್ಥಳದ ಚಿಂತೆಯೂ ಸಣ್ಣದಲ್ಲ. ಚಿತ್ರಗಳಲ್ಲಿ ಗಾಡಿಯು ತೆರೆಯಂಚಿಗೆ ನಿಂತಿರುತ್ತದೆ; ನಿಜದಲ್ಲಿ ಹೆಚ್ಚಿನ ತೀರಗಳಲ್ಲಿ ರಾತ್ರಿ ತಂಗಲು ಬಿಡುವದಿಲ್ಲ, ಬಿಟ್ಟರೂ ನಿಲ್ಲಬಾರದು. ದಿನಕ್ಕೆರಡು ಸಲ ಏರಿಳಿಯುವ ಕಡಲಿಗೆ ಸಂಜೆ ಒಣಗಿದ ಮಳಲು ನಡುರಾತ್ರಿಗೆ ಬೇಕಾಗಬಹುದು. ಭಾರವಾದ ಗಾಡಿಯ ಗಾಲಿಗಳು ಮಳಲಿನಲ್ಲಿ ಹೂತರೆ ಟ್ರ್ಯಾಕ್ಟರು ಬರುವ ವರೆಗೆ ಬಿಡುಗಡೆಯಿಲ್ಲ. ಗೋಕರ್ಣದ ಓಂ, ಕುಡ್ಲೆ ತೀರಗಳಿಗಂತೂ ಗಾಡಿಯನ್ನು ದೂರ ಬಿಟ್ಟು ಕಾಲ್ನಡೆಯಿಂದಲೇ ಇಳಿಯಬೇಕು. ದೇವಸ್ಥಾನದ ಓಣಿಗಳಲ್ಲಿ ಇಂಥ ಗಾಡಿಯನ್ನು ತಿರುಗಿಸುವೆನೆಂಬುದು ಹಟದ ಮಾತು. ತೆಂಗಿನ ತೋಟದ ಒಡೆಯರನ್ನೋ, ಹೋಟೆಲಿನವರನ್ನೋ ಕೇಳಿ ಹಣ ಕೊಟ್ಟು ಅವರ ಅಂಗಳದಲ್ಲಿ ನಿಲ್ಲುವದೇ ಸುರಕ್ಷಿತ. ತೆಂಗಿನ ಮರದ ನೇರ ಕೆಳಗೆ ಮಾತ್ರ ಬೇಡ.

ಕಡಲಿನ ಭಯವನ್ನು ಇಲ್ಲಿ ಹೇಳದೆ ಬಿಡಲಾಗದು. ಕೆರೆ-ಬಾವಿಗಳಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲೂ ಒಂದು ದೊಡ್ಡ ಕೆರೆಯೆಂಬ ಭಾವನೆಯಿರುತ್ತದೆ. ಕೆರೆಯ ನೀರು ಮನುಷ್ಯನನ್ನು ಎಳೆಯುವದಿಲ್ಲ, ಕಡಲಿನದು ಎಳೆಯುತ್ತದೆ. ತೆರೆಗಳು ದಂಡೆಗೆ ತಂದ ನೀರು ಕೆಲವೆಡೆ ಇಕ್ಕಟ್ಟಾದ ಸೆಳೆತವಾಗಿ ಒಳಕ್ಕೆ ಮರಳುವದು. ಅಲ್ಲಿ ತೆರೆ ಒಡೆಯದೆ ನೀರು ಶಾಂತವಾಗಿರುವಂತೆ ತೋರುವದರಿಂದ ತಿಳಿಯದವರು ಅಲ್ಲಿಗೇ ಇಳಿಯುತ್ತಾರೆ. 2024ರ ಡಿಸೆಂಬರದಲ್ಲಿ ಮುರ್ಡೇಶ್ವರಕ್ಕೆ ಶಾಲೆಯ ಪ್ರವಾಸದಲ್ಲಿ ಬಂದಿದ್ದ ನಾಲ್ವರು ಬಾಲಿಕೆಯರು ನೀರಿನ ಪಾಲಾದರು. ಅವರೂ ಕೋಲಾರದ ಒಣ ಸೀಮೆಯ ಮಕ್ಕಳು. ಸೆಳೆತಕ್ಕೆ ಸಿಕ್ಕವನು ದಂಡೆಯ ಕಡೆಗೆ ನೆಟ್ಟಗೆ ಈಜದೆ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಿದ್ದ ಮೇಲೆ ದಂಡೆಗೆ ತಿರುಗಬೇಕೆಂದು ಬಲ್ಲವರು ಹೇಳುತ್ತಾರೆ. ಮಕ್ಕಳನ್ನು ಮೊಣಕಾಲುದ್ದದ ನೀರಿಗಿಂತ ಮುಂದೆ ಬಿಡದಿರುವದೇ ಮೇಲು. ಕೆಂಪು ನಿಶಾನೆಯಿದ್ದಲ್ಲಿ ಕಾಲನ್ನೂ ಇಡಬಾರದು. ಹೊನ್ನಾವರದ ಬಳಿಯ ಕಾಸರಕೋಡಿನ ತೀರಕ್ಕೆ 2020ರಲ್ಲಿ ಶುಚಿತ್ವ-ಸುರಕ್ಷತೆಗಳಿಗಾಗಿ ಕೊಡುವ ನೀಲಿ ಬಾವುಟದ ಮನ್ನಣೆ ಬಂದಿತು. ಮೊದಲ ಸಲ ಕಡಲನ್ನು ಕಾಣುವ ಮಕ್ಕಳಿಗೆ ಅಂಥ ತೀರವೇ ಚೆನ್ನು.

ಮಳೆಗಾಲದಲ್ಲಿ ಈ ಪ್ರವಾಸದ ಹೆಸರನ್ನೇ ತೆಗೆಯಬೇಡಿರಿ. 2021ರ ಜುಲೈಯಲ್ಲಿ ಅರಬೈಲು ಘಟ್ಟವು ಕುಸಿದು ದಾರಿ ಕಟ್ಟಿತ್ತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು, ದಂಡೆಯಲ್ಲಿ ಚಹಾದ ಅಂಗಡಿಯಿಟ್ಟುಕೊಂಡು ಬಾಳುತ್ತಿದ್ದ ಕುಟುಂಬವನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ನೂಕಿತು. ಹೊಳೆಯ ತಳಕ್ಕೆ ಹೋದ ಲಾರಿಯೊಂದು ಅದರ ಚಾಲಕನೊಡನೆ ಸಿಕ್ಕಿದ್ದು ಎಪ್ಪತ್ತು ದಿನಗಳ ಮೇಲೆ. ಮರುತಿಂಗಳಲ್ಲಿಯೇ ಕಾರವಾರದ ಕಾಳೀ ಹೊಳೆಯ ಹಳೆಯ ಸೇತುವೆ ಮುರಿದುಬಿದ್ದಿತು. ಅಗೆದು ನೆಟ್ಟಗೆ ನಿಲ್ಲಿಸಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ ಚಹಾ ಕಾಸಬಾರದು, ಬಿಸಿಲಿದ್ದರೂ ಸಹ. ಘಟ್ಟವನ್ನಿಳಿಯುವಾಗ ಬ್ರೇಕನ್ನೇ ತುಳಿಯುತ್ತ ಹೋದರೆ ಅದು ಕಾಯ್ದು ಹಿಡಿತ ತಪ್ಪುವದು. ಏರುವಾಗಿನ ಸಣ್ಣ ಗೇರಿನಲ್ಲಿಯೇ ಇಳಿಯಬೇಕೆಂಬುದನ್ನು ಲಾರಿಯವರೆಲ್ಲರೂ ಬಲ್ಲರು. ಒಳಗೆ ಮಂಚದ ಮೇಲೆ ಮಲಗಿ ಪ್ರಯಾಣ ಮಾಡುವದು ಸುಖವಾಗಿ ಕಂಡರೂ, ಗಾಡಿ ನಡೆದಿರುವಾಗ ಎಲ್ಲರೂ ಪಟ್ಟಿ ಕಟ್ಟಿಕೊಂಡು ಆಸನದಲ್ಲಿಯೇ ಕುಳಿತಿರತಕ್ಕದ್ದು. ಒಲೆಯ ಸಿಲಿಂಡರಿನ ಬಾಯಿ ಮುಚ್ಚಿರತಕ್ಕದ್ದು.

ಕೆಲವರು ಬಾಡಿಗೆಯ ಗೊಡವೆಯೇ ಬೇಡವೆಂದು ತಮ್ಮ ಟೆಂಪೋದಲ್ಲಿ ಮಂಚ-ಒಲೆಗಳನ್ನು ಕೂಡ್ರಿಸುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವದು ಸಲ್ಲದು. 2019ರಲ್ಲಿ ಸುಪ್ರೀಮ್ ಕೋರ್ಟೂ ಇದನ್ನು ಎತ್ತಿ ಹೇಳಿದೆ. ಬಡಿಗನನ್ನು ಕರೆಯುವ ಮೊದಲು ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಬೇಕು. ಬಾಡಿಗೆಗೆ ತರುವವರು ಅದು ಬಾಡಿಗೆಗೆಂದೇ ನೋಂದಣಿಯಾದ ಗಾಡಿಯೋ, ವಿಮೆ ಇದೆಯೋ ಎಂಬುದನ್ನು ಕಾಗದ ನೋಡಿಯೇ ನಂಬಬೇಕು.

ಖರ್ಚಿನಲ್ಲಿ ಉಳಿತಾಯವಾದೀತೆಂಬ ಆಸೆಯಿಂದ ಹೊರಡುವವರಿಗೆ ನಿರಾಶೆಯೇ ಗತಿ. ಗೋಕರ್ಣ, ಹೊನ್ನಾವರ, ಮುರ್ಡೇಶ್ವರಗಳನ್ನು ನೋಡಿ ಮರಳುವದರಲ್ಲಿ ಆರುನೂರು ಕಿಲೋಮೀಟರು ಆಗುವದು; ಲೀಟರಿಗೆ ಎಂಟು ಹತ್ತು ಕಿಲೋಮೀಟರು ಓಡುವ ಗಾಡಿಗೆ ಅರವತ್ತೆಪ್ಪತ್ತು ಲೀಟರು ಡೀಸೆಲ್ಲು ಬೇಕು. ಇದರ ಮೇಲೆ ದಿನದ ಬಾಡಿಗೆ, ನಿಲ್ಲುವ ಸ್ಥಳದ ಹಣ. ಇದೇ ಏಳು ಜನರು ಕ್ರೂಜರನ್ನು ಗೊತ್ತುಪಡಿಸಿಕೊಂಡು ಯಾತ್ರಿಕರ ವಸತಿಗೃಹದಲ್ಲಿ ಇಳಿದರೆ ಅದಕ್ಕಿಂತ ಅಗ್ಗದಲ್ಲಿ ಮುಗಿಯುತ್ತದೆ. ಕಾಲು ಗಟ್ಟಿಯಿದ್ದವರು ಹಾಗೆಯೇ ಮಾಡುವದು ಬುದ್ಧಿವಂತಿಕೆ. ಮನೆಯಲ್ಲಿ ಮೆಟ್ಟಿಲು ಹತ್ತಲಾರದ ಹಿರಿಯರಿದ್ದರೆ, ಎಳೆಗೂಸಿನ ಬಾಣಂತಿಯಿದ್ದರೆ, ವರುಷಕ್ಕೊಮ್ಮೆ ಈ ಹೆಚ್ಚಿನ ಹಣವನ್ನು ತೆತ್ತರೂ ನಷ್ಟವೆಂದು ನಾವು ಹೇಳಲಾರೆವು.

ಮರಳುವಾಗ ಸಾಣಿಕಟ್ಟೆಯ ಉಪ್ಪು, ಮುರುಗಲ ಸಿಪ್ಪೆ, ಅಪ್ಪೆಮಿಡಿಯ ಉಪ್ಪಿನಕಾಯಿಗಳಿಗೆ ಗಾಡಿಯಲ್ಲಿ ಸ್ಥಳವನ್ನಿಟ್ಟುಕೊಂಡಿರಬೇಕು. ಗಾಡಿಯನ್ನು ಒಡೆಯನಿಗೆ ಒಪ್ಪಿಸುವ ಮೊದಲು ಅಡಿಭಾಗವನ್ನೂ ಗಾಲಿಗಳ ಸಂದುಗಳನ್ನೂ ಸಿಹಿನೀರಿನಿಂದ ಚೆನ್ನಾಗಿ ತೊಳೆಸಿರಿ. ಕಡಲಗಾಳಿಯ ಉಪ್ಪು ಕಬ್ಬಿಣವನ್ನು ಕಣ್ಣಿಗೆ ಕಾಣದಂತೆ ತಿನ್ನುವದು. ಹಾಸಿಗೆಯ ಮಡಿಕೆಗಳಲ್ಲಿ ಸೇರಿದ ಮಳಲಂತೂ ಯುಗಾದಿಯ ವರೆಗೂ ಉದುರುತ್ತಲೇ ಇರುವದು.